ಮೂವತ್ತಾರು ಕುರ್ಚಿ, ಎಷ್ಟು ಬಾಯಿ?



ಈ ಸಲದ ಏಪ್ರಿಲ್ ಹದಿನಾಲ್ಕಕ್ಕೆ ನಮ್ಮ ಹಾಸ್ಟೆಲಿಗೆ ಶಾಸಕರು ಬಂದಿದ್ದರು. ಮೀಸಲು ಕ್ಷೇತ್ರದವರು, ನಮ್ಮವರೇ. ಹೆಸರು ಬೇಡ, ಯಾಕೆಂದರೆ ಇಲ್ಲಿ ಬರೆಯುವ ಮಾತು ಅವರೊಬ್ಬರದಲ್ಲ. ಹೇಳಿದ ಹೊತ್ತಿಗಿಂತ ಮೂರು ಗಂಟೆ ತಡವಾಗಿ ಬಂದರು. ಅಷ್ಟರಲ್ಲಿ ಪಾಯಸ ಆರಿ ಕೆನೆಗಟ್ಟಿತ್ತು. ಬಾಬಾಸಾಹೇಬರ ಫೋಟೋಗೆ ಹಾರ ಹಾಕಿ, "ಏನ್ರಪ್ಪಾ, ಅನ್ನ ಸಾರು ಚೆನ್ನಾಗಿ ಕೊಡ್ತಾರಾ?" ಅಂದರು. ವಾರ್ಡನ್ನು ಎದುರಿಗೇ ನಿಂತಿದ್ದಾರೆ, ಯಾರು ತಾನೇ ಏನು ಹೇಳ್ತಾರೆ? ಆಗ ಪಿಯುಸಿ ಓದುವ ಒಬ್ಬ ಹುಡುಗ ಹಿಂದಿನ ಸಾಲಿನಿಂದ ಎದ್ದು ಕೇಳಿಯೇಬಿಟ್ಟ: "ಸಾರ್, ಈ ವರ್ಷ ಸದನದಲ್ಲಿ ನಮ್ಮ ಬಗ್ಗೆ ಎಷ್ಟು ಪ್ರಶ್ನೆ ಕೇಳಿದ್ರಿ?"

ವಾರ್ಡನ್ನರ ಮುಖ ಬಿಳುಪೇರಿತು. ಶಾಸಕರು ಮಾತ್ರ ನಕ್ಕರು. "ಪ್ರಶ್ನೆ ಕೇಳೋದು ಸುಲಭ ಕಣಪ್ಪಾ, ಟಿಕೆಟ್ ಕೇಳೋದು ಕಷ್ಟ" ಅಂದರು. ಅಲ್ಲಿಗೇ ನಿಲ್ಲಿಸಲಿಲ್ಲ, ಲೆಕ್ಕವನ್ನೂ ಬಿಚ್ಚಿಟ್ಟರು. "ನಮ್ಮ ಕ್ಷೇತ್ರದಲ್ಲಿ ಎರಡು ಲಕ್ಷ ಓಟು. ನಮ್ಮೋರವು ಐವತ್ತು ಸಾವಿರ. ಅದೂ ಮೂರು ಪಾರ್ಟಿಗೆ ಹರಿದು ಹೋಗ್ತವೆ. ಮಿಕ್ಕಿದ್ದು ಯಾರ್ದು ಹೇಳು? ಗುಡಿ ಬಾಗಿಲು ತೆಗೀರಿ ಅಂತ ನಾನು ಇವತ್ತು ಸದನದಲ್ಲಿ ಕೂಗಿದ್ರೆ, ನಾಳೆ ನನ್ನ ಗಾಡಿಗೆ ಊರ ಬಾಗಿಲೇ ಮುಚ್ಚಿರ್ತದೆ."

ಅವರು ಹೋದ ಮೇಲೆ ರಾತ್ರಿ ಹನ್ನೆರಡರವರೆಗೂ ನಮ್ಮಲ್ಲಿ ಜಗಳ. ಕೆಲವರು "ಇಂಥೋರನ್ನ ಮತ್ತೆ ಹಾಸ್ಟೆಲಿಗೆ ಕರೀಬಾರ್ದು" ಎಂದರು. ಇನ್ನು ಕೆಲವರು "ಮನುಷ್ಯ ಸುಳ್ಳಂತೂ ಹೇಳಲಿಲ್ಲವಲ್ಲ" ಎಂದರು. ಈಗ ಬರೆಯಲು ಕೂತಾಗ ಎರಡನೆಯವರ ಮಾತೇ ಸರಿ ಅನ್ನಿಸುತ್ತಿದೆ. ಸುಳ್ಳು ಹೇಳಲಿಲ್ಲ ಎಂಬುದೇ ಭಯದ ಸಂಗತಿ.

ನಮ್ಮ ವಿಧಾನಸಭೆಯಲ್ಲಿ 224 ಸ್ಥಾನ. ಅದರಲ್ಲಿ ಪರಿಶಿಷ್ಟ ಜಾತಿಗೆ 36, ಪರಿಶಿಷ್ಟ ಪಂಗಡಕ್ಕೆ 15. 2008ರ ಚುನಾವಣೆಗೆ ಮುಂಚೆ ಇದು 33 ಮತ್ತು 2 ಇತ್ತು, ಕ್ಷೇತ್ರ ಮರುವಿಂಗಡಣೆಯಲ್ಲಿ ಹೆಚ್ಚಿತು. ಉಳಿದ 173 'ಸಾಮಾನ್ಯ' ಕ್ಷೇತ್ರಗಳು. ಸಾಮಾನ್ಯ ಎಂದರೆ ಎಲ್ಲರದೂ ಎಂದು ತಾನೇ ಅರ್ಥ? ಆದರೆ ಪಾರ್ಟಿ ಆಫೀಸುಗಳ ನಿಘಂಟಿನಲ್ಲಿ ಅದಕ್ಕೆ 'ನಿಮ್ಮದಲ್ಲ' ಎಂದು ಅರ್ಥ. ಆ 173ರಲ್ಲಿ ಗೆಲ್ಲುವಂಥ ಕಡೆ ಒಬ್ಬ ಹೊಲೆಯನಿಗೋ ಮಾದಿಗನಿಗೋ ಟಿಕೆಟ್ ಕೊಡಿ ಎಂದು ಯಾವ ಪಕ್ಷದ ಬಾಗಿಲಲ್ಲಾದರೂ ಕೇಳಿ ನೋಡಿ, "ನಿಮಗೆ ಮೂವತ್ತಾರು ಇದೆಯಲ್ಲಾ" ಅಂತಾರೆ. ಹಬ್ಬದ ದಿನ ಹಿತ್ತಲ ಬಾಗಿಲಲ್ಲಿ ಬುತ್ತಿ ಕೊಟ್ಟು, ಜಗಲಿಗೆ ಬರಬೇಡ ಅಂದಂತೆ.

ಸರಿ, ಆ ಮೂವತ್ತಾರಾದರೂ ನಮ್ಮದಾ? ಅಲ್ಲಿ ನಿಲ್ಲುವವರೆಲ್ಲ ನಮ್ಮವರು, ನಿಜ. ಆದರೆ ಯಾರು ನಿಲ್ಲಬೇಕು ಎಂದು ಬರೆಯುವ ಕೈ ನಮ್ಮದಲ್ಲ, ಗೆಲ್ಲಿಸುವ ಓಟಿನಲ್ಲಿ ಹೆಚ್ಚಿನದೂ ನಮ್ಮದಲ್ಲ. 2004ರಲ್ಲಿ ಸಂತೇಮರಹಳ್ಳಿ ಮೀಸಲು ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರು ಎ.ಆರ್. ಕೃಷ್ಣಮೂರ್ತಿ ಅವರನ್ನು ಸೋಲಿಸಿದ್ದು ಒಂದೇ ಒಂದು ಓಟಿನಿಂದ. ಸೋತವರ ಕಾರಿನ ಡ್ರೈವರಿಗೇ ಆ ದಿನ ಓಟು ಹಾಕಲು ಬಿಡುವಾಗಲಿಲ್ಲ ಎಂದು ಚಾಮರಾಜನಗರದ ಕಡೆ ಈಗಲೂ ಹೇಳುತ್ತಾರೆ. ಒಂದು ಓಟಿನ ಬೆಲೆ ಎಷ್ಟು ಎನ್ನುವುದಕ್ಕೆ ಎಲ್ಲರೂ ಈ ಕತೆ ಹೇಳೋದು. ನಮಗೆ ಕಾಣುವುದು ಬೇರೆ: ಕುತ್ತಿಗೆವರೆಗೂ ಬಂದ ಆ ಕಾಳಗದಲ್ಲಿ ಇಬ್ಬರೂ ನಮ್ಮವರೇ, ಇಬ್ಬರ ಟಿಕೆಟ್ಟಿಗೂ ಸಹಿ ಹಾಕಿದ್ದು ಮಾತ್ರ ಮೇಲಿನವರು.

ಇದು ನಿನ್ನೆ ಮೊನ್ನೆಯ ಕಟ್ಟಲ್ಲ. 1932ರ ಆಗಸ್ಟಿನಲ್ಲಿ ಬ್ರಿಟಿಷರು ಘೋಷಿಸಿದ ತೀರ್ಪಿನಲ್ಲಿ ಅಸ್ಪೃಶ್ಯರಿಗೆ ಪ್ರಾಂತ್ಯಗಳ ಶಾಸನಸಭೆಗಳಲ್ಲಿ 71 ಸ್ಥಾನ ಇತ್ತು. ಆ ಸ್ಥಾನಗಳಿಗೆ ಅಸ್ಪೃಶ್ಯರೇ ಓಟು ಹಾಕಿ ಆರಿಸಬೇಕು, ಅದರ ಮೇಲೆ ಸಾಮಾನ್ಯ ಸ್ಥಾನಕ್ಕೂ ಅವರದೊಂದು ಓಟು. ಗಾಂಧೀಜಿ ಯರವಾಡ ಜೈಲಿನಲ್ಲಿ ಉಪವಾಸ ಕೂತರು. ಸೆಪ್ಟೆಂಬರ್ 24ರಂದು ಪೂನಾ ಒಪ್ಪಂದವಾಯಿತು. 71 ಹೋಗಿ 148 ಬಂತು. ಎಣಿಕೆಯಲ್ಲಿ ದುಪ್ಪಟ್ಟು! ಆದರೆ ಆರಿಸುವ ಕೈ ಎಲ್ಲರದೂ ಆಯಿತು. ಒಂದೇ ಒಂದು ಆಸರೆ ಉಳಿದಿತ್ತು: ಮೊದಲು ನಮ್ಮವರೇ ಓಟು ಹಾಕಿ ನಾಲ್ಕು ಜನರನ್ನು ಆರಿಸಬೇಕು, ಆ ನಾಲ್ವರಲ್ಲಿ ಒಬ್ಬರನ್ನು ಎಲ್ಲರೂ ಸೇರಿ ಆರಿಸಬೇಕು. ಸ್ವಾತಂತ್ರ್ಯ ಬಂದ ಮೇಲೆ ಬರೆದ ಸಂವಿಧಾನದಲ್ಲಿ ಅದೂ ಉಳಿಯಲಿಲ್ಲ. ಬಾಬಾಸಾಹೇಬರು 1947ರಲ್ಲಿ 'ರಾಜ್ಯಗಳು ಮತ್ತು ಅಲ್ಪಸಂಖ್ಯಾತರು' ಎಂಬ ಮನವಿಯಲ್ಲಿ ಪ್ರತ್ಯೇಕ ಮತದಾರ ವರ್ಗವನ್ನು ಮತ್ತೆ ಕೇಳಿದ್ದರು. ಸಿಗಲಿಲ್ಲ.

ಇದರ ಫಲ ಏನು ಗೊತ್ತೇ? 1952ರ ಮೊದಲ ಚುನಾವಣೆಯಲ್ಲಿ ಬಾಂಬೆ ಉತ್ತರ ಕ್ಷೇತ್ರದ ಮೀಸಲು ಸ್ಥಾನಕ್ಕೆ ಬಾಬಾಸಾಹೇಬರೇ ನಿಂತು ಸೋತರು. ಗೆದ್ದದ್ದು ಕಾಂಗ್ರೆಸ್ಸಿನ ನಾರಾಯಣ ಕಾಜ್ರೋಳ್ಕರ್, ಅವರೂ ದಲಿತರೇ. 1954ರಲ್ಲಿ ಭಂಡಾರಾದ ಉಪಚುನಾವಣೆಯಲ್ಲಿ ಮತ್ತೆ ಸೋತರು. ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರಾಗಿದ್ದವರಿಗೇ ಮೀಸಲು ಕ್ಷೇತ್ರ ಒಲಿಯಲಿಲ್ಲ ಎಂದ ಮೇಲೆ, ಪಾಯಸ ಉಂಡು ಹೋದ ನಮ್ಮ ಶಾಸಕರ ಲೆಕ್ಕ ತಪ್ಪೆಂದು ಹೇಗೆ ಹೇಳೋಣ?

ಈ ಲೆಕ್ಕ ಮುರಿದ ಕಡೆಗಳೂ ಇವೆ, ಅದನ್ನೂ ಹೇಳಬೇಕು. ಕೋಲಾರದ ಚಿನ್ನದ ಗಣಿಯ ಕ್ಷೇತ್ರದಿಂದ ರಿಪಬ್ಲಿಕನ್ ಪಕ್ಷದವರು ಒಂದಕ್ಕಿಂತ ಹೆಚ್ಚು ಸಲ ವಿಧಾನಸಭೆಗೆ ಬಂದಿದ್ದಾರೆ. ಅಲ್ಲಿ ಗಣಿ ಕಾರ್ಮಿಕರ ಲೈನು ಮನೆಗಳಲ್ಲಿ ನಮ್ಮ ಜನ ಒಟ್ಟಿಗೆ ಇದ್ದರು, ಕೂಲಿ ಕೊಡುತ್ತಿದ್ದದ್ದು ಗಣಿ, ಊರ ಗೌಡನಲ್ಲ. ಗೌಡನ ಹೊಲದ ಕೂಲಿಗೆ ಕಾಯಬೇಕಿಲ್ಲದವನ ಓಟು ನೆಟ್ಟಗೆ ಬೀಳುತ್ತದೆ. ಇನ್ನು ಕೊಳ್ಳೇಗಾಲ. 2018ರಲ್ಲಿ ಎನ್. ಮಹೇಶ್ ಅಲ್ಲಿಂದ ಬಿಎಸ್‌ಪಿ ಗುರುತಿನ ಮೇಲೆ ಗೆದ್ದಾಗ ಮೈಸೂರು, ಚಾಮರಾಜನಗರದ ಹಾಸ್ಟೆಲುಗಳಲ್ಲಿ ಎಂಥ ಸಂಭ್ರಮ! ಹಳ್ಳಿ ಹಳ್ಳಿ ತಿರುಗಿ ಪಕ್ಷ ಕಟ್ಟಿದ ಮನುಷ್ಯ. ಮಂತ್ರಿಯೂ ಆದರು, ಶಿಕ್ಷಣ ಖಾತೆಯೂ ಸಿಕ್ಕಿತು. ನಾಲ್ಕೇ ತಿಂಗಳಲ್ಲಿ ರಾಜೀನಾಮೆ. 2019ರ ಜುಲೈನಲ್ಲಿ ವಿಶ್ವಾಸಮತದ ದಿನ ಸದನಕ್ಕೇ ಬರಲಿಲ್ಲ, ಪಕ್ಷ ಉಚ್ಚಾಟಿಸಿತು. 2021ರಲ್ಲಿ ಬಿಜೆಪಿ ಸೇರಿದರು. 2023ರಲ್ಲಿ ಅಲ್ಲೇ ಸೋತರು. ಅವರನ್ನು ಸೋಲಿಸಿದವರು ಯಾರು ಗೊತ್ತಾ? ಒಂದು ಓಟಿನಿಂದ ಸೋತಿದ್ದ ಅದೇ ಎ.ಆರ್. ಕೃಷ್ಣಮೂರ್ತಿ. ಚರಿತ್ರೆಗೆ ಇಂಥ ತಮಾಷೆ ಇಷ್ಟ. ಆದರೆ ಆ ಹಾಸ್ಟೆಲುಗಳ ಹುಡುಗರಿಗೆ ನಗು ಬರಲಿಲ್ಲ.

ಈಗ ಒಳಗೆ ಹೋಗೋಣ. ಗೆದ್ದು ಒಳಗೆ ಕೂತವರ ನಾಲಿಗೆಗೆ ಏನಾಗುತ್ತದೆ? 1985ರಲ್ಲಿ ಸಂವಿಧಾನಕ್ಕೆ ಹತ್ತನೇ ಅನುಸೂಚಿ ಸೇರಿತು, ಪಕ್ಷಾಂತರ ನಿಷೇಧಕ್ಕೆ. ಪಕ್ಷ ವಿಪ್ ಹೊರಡಿಸಿದರೆ ಶಾಸಕ ಅದರಂತೆ ಓಟು ಹಾಕಬೇಕು, ಇಲ್ಲದಿದ್ದರೆ ಸ್ಥಾನವೇ ಹೋಗಬಹುದು. ವಿಪ್ ಎಂಬ ಮಾತಿಗೆ ಚಾಟಿ ಎಂದೇ ಅರ್ಥ. ನಮ್ಮ ಅಜ್ಜಂದಿರಿಗೆ ಚಾಟಿಯ ಪರಿಚಯ ಹೊಸದಲ್ಲ ಬಿಡಿ. ಪಕ್ಷಾಂತರ ನಿಂತಿತಾ? 2019ರಲ್ಲಿ 17 ಶಾಸಕರು ಅನರ್ಹರಾದರು, ಸರ್ಕಾರವೇ ಉರುಳಿತು. ಹಾರುವವರು ಹಾರಿದರು. ಆದರೆ ತನ್ನ ಪಕ್ಷದಲ್ಲೇ ಇದ್ದುಕೊಂಡು "ಇದೊಂದು ವಿಷಯಕ್ಕೆ ಮಾತ್ರ ನಾನು ಕೈ ಎತ್ತಲ್ಲ" ಎನ್ನುವ ಬಡಪಾಯಿಗೆ ದಾರಿ ಮುಚ್ಚಿತು.

ಆ 'ಇದೊಂದು ವಿಷಯ' ಯಾವುದು ಎಂದು ಕೇಳುವಿರಾ? ನೀವು ಉಣ್ಣುವ ತಟ್ಟೆಯ ವಿಷಯವೇ. 2013ರಲ್ಲಿ ಇದೇ ಸದನ ಒಂದು ಒಳ್ಳೆಯ ಕಾನೂನು ಮಾಡಿತು. ನಮ್ಮ ಜನಸಂಖ್ಯೆಗೆ ತಕ್ಕಷ್ಟು ಯೋಜನಾ ಹಣವನ್ನು ಪರಿಶಿಷ್ಟ ಜಾತಿ ಉಪಯೋಜನೆ, ಬುಡಕಟ್ಟು ಉಪಯೋಜನೆ ಎಂದು ಬೇರೆ ತೆಗೆದಿಡಬೇಕು, ನಮಗೇ ಖರ್ಚು ಮಾಡಬೇಕು. ಹಾಸ್ಟೆಲ್, ಕೊಳವೆಬಾವಿ, ಭೂಮಿ, ಮನೆ ಇವೆಲ್ಲ ಅದರಲ್ಲಿ ಬರುವಂಥವು. ಆದರೆ ಅದೇ ಕಾನೂನಿನಲ್ಲಿ 7(ಡಿ) ಎಂಬ ಒಂದು ತೂತು ಇಟ್ಟಿದ್ದರು. ರಸ್ತೆಯಂಥ ಎಲ್ಲರ ಕೆಲಸಕ್ಕೆ ಹಾಕಿದ ಹಣದಲ್ಲೂ ಒಂದು ಪಾಲನ್ನು ನಮಗೇ ಖರ್ಚಾಯಿತೆಂದು ಲೆಕ್ಕ ಬರೆಯಬಹುದು ಎಂದು. ಆ ತೂತು ಎಲ್ಲ ಪಕ್ಷಗಳ ಆಳ್ವಿಕೆಯಲ್ಲೂ ಸೋರಿತು. ಚಳವಳಿಯವರು ಹತ್ತು ವರ್ಷ ಕೂಗಿದ ಮೇಲೆ 2023ರಲ್ಲಿ ಅದನ್ನು ಕಿತ್ತು ಹಾಕಿದರು. ಸಂತೋಷ. ಅದೇ ವರ್ಷದ ಬಜೆಟ್ಟಿನಲ್ಲಿ ಉಪಯೋಜನೆಯ ಸುಮಾರು 34 ಸಾವಿರ ಕೋಟಿಯಲ್ಲಿ 11 ಸಾವಿರ ಕೋಟಿಗೂ ಮಿಕ್ಕಿ ಹಣ ಐದು ಗ್ಯಾರಂಟಿ ಯೋಜನೆಗಳಿಗೆ ಹೋಯಿತು.

ನಮ್ಮ ಅವ್ವಂದಿರಿಗೂ ಎರಡು ಸಾವಿರ ಬರುತ್ತದೆ, ನಮ್ಮ ಅಕ್ಕಂದಿರೂ ಬಸ್ಸಿನಲ್ಲಿ ಪುಕ್ಕಟೆ ಹೋಗುತ್ತಾರೆ. ಬೇಡ ಅನ್ನುವ ಸೊಕ್ಕು ನಮಗಿಲ್ಲ. ಆದರೆ ಎಲ್ಲರ ಅವ್ವಂದಿರಿಗೂ ಕೊಡುವುದನ್ನು ಎಲ್ಲರ ಹುಂಡಿಯಿಂದ ಕೊಡಬೇಕಲ್ಲವೇ? ಊರವರ ಮನೆ ಹೆಂಗಸರಿಗೆ ಊರ ಹಣ, ಕೇರಿಯ ಹೆಂಗಸರಿಗೆ ಮಾತ್ರ ಕೇರಿಯದೇ ಹಣ, ಇದ್ಯಾವ ನ್ಯಾಯ? ವಿರೋಧ ಪಕ್ಷದ ಮೀಸಲು ಶಾಸಕರು ಈ ಪ್ರಶ್ನೆ ಎತ್ತಿ ಗುಡುಗಿದರು. ತಾವು ಆಳುವಾಗ 7(ಡಿ) ಬಗ್ಗೆ ಇದೇ ಗುಡುಗು ಯಾಕೆ ಕೇಳಿಸಲಿಲ್ಲ? ಆಳುವ ಪಕ್ಷದ ಮೀಸಲು ಶಾಸಕರು ಬಜೆಟ್ಟಿಗೆ ಕೈ ಎತ್ತಿದರು. ಕುರ್ಚಿ ಅದಲು ಬದಲಾದಾಗ ಗುಡುಗು, ಮೌನ ಕೂಡ ಅದಲು ಬದಲು.

ಈಗ ಮೇಲಿನ ಕುರ್ಚಿಯ ಮಾತು. 1956ರಲ್ಲಿ ರಾಜ್ಯ ಒಂದಾದಾಗಿನಿಂದ 2023ರ ಮೇ 20ರ ಪ್ರಮಾಣವಚನದವರೆಗೆ ಎಷ್ಟೋ ಮುಖ್ಯಮಂತ್ರಿಗಳು ಬಂದು ಹೋದರು, ಒಬ್ಬರೂ ದಲಿತರಿಲ್ಲ. ಪಕ್ಕದ ಆಂಧ್ರದಲ್ಲಿ 1960ರಲ್ಲೇ ದಾಮೋದರಂ ಸಂಜೀವಯ್ಯ ಆಗಿದ್ದರು. ನಮ್ಮಲ್ಲಿ ಮಲ್ಲಿಕಾರ್ಜುನ ಖರ್ಗೆ 1972ರಿಂದ ಒಂಬತ್ತು ಸಲ ಗೆದ್ದರು, ವಿರೋಧ ಪಕ್ಷದ ನಾಯಕರಾದರು, 2022ರಲ್ಲಿ ಇಡೀ ದೇಶದ ಕಾಂಗ್ರೆಸ್ಸಿಗೇ ಅಧ್ಯಕ್ಷರಾದರು. ಬೆಂಗಳೂರಿನ ಆ ಒಂದು ಕುರ್ಚಿ ಮಾತ್ರ ಸಿಗಲಿಲ್ಲ. ಜಿ. ಪರಮೇಶ್ವರ 2013ರಲ್ಲಿ ಪಕ್ಷದ ರಾಜ್ಯಾಧ್ಯಕ್ಷರು, ಪಕ್ಷ ಗೆದ್ದಿತು, ಅವರು ಕೊರಟಗೆರೆಯಲ್ಲಿ ಸೋತರು. 2018ರಲ್ಲಿ ಉಪಮುಖ್ಯಮಂತ್ರಿ. 2019ರಲ್ಲಿ ಬಿಜೆಪಿಯಿಂದ ಗೋವಿಂದ ಕಾರಜೋಳ, ಅವರೂ ಉಪಮುಖ್ಯಮಂತ್ರಿ, ಮೂವರಲ್ಲಿ ಒಬ್ಬರು. ಸಭಾಧ್ಯಕ್ಷರ ಪೀಠ ಹತ್ತಿದ ಕೆ.ಎಚ್. ರಂಗನಾಥ್ ಅವರಂಥವರು ಇದ್ದಾರೆ. 2023ರಲ್ಲಿ ಯು.ಟಿ. ಖಾದರ್ ಸಭಾಧ್ಯಕ್ಷರಾದಾಗ, ಹಾವೇರಿ ಮೀಸಲು ಕ್ಷೇತ್ರದ ರುದ್ರಪ್ಪ ಲಮಾಣಿ ಉಪಸಭಾಧ್ಯಕ್ಷರಾದರು. ಈ 'ಉಪ' ಎಂಬ ಎರಡಕ್ಷರ ನಮ್ಮ ಬೆನ್ನು ಬಿಡುವುದೇ ಇಲ್ಲ. ಉಪಮುಖ್ಯಮಂತ್ರಿ ಎಂಬ ಹುದ್ದೆ ಸಂವಿಧಾನದಲ್ಲೇ ಇಲ್ಲ ಎಂಬುದು ನೆನಪಿರಲಿ. ಹೋಟೆಲಿನಲ್ಲಿ ಟೀ ಒಂದೇ, ಲೋಟ ಬೇರೆ.

ಹಾಗಂತ "ದಲಿತ ಮುಖ್ಯಮಂತ್ರಿ ಬೇಕು" ಎಂದು ಗೋಡೆ ಬರೆದು ಮಲಗಿದರೆ ಆಯಿತೇ? ಪಂಜಾಬಿನಲ್ಲಿ 2021ರ ಸೆಪ್ಟೆಂಬರಿನಲ್ಲಿ ಚರಣ್‌ಜಿತ್ ಸಿಂಗ್ ಚನ್ನಿ ಅವರನ್ನು ಕೂರಿಸಿದರು, ಚುನಾವಣೆಗೆ ಆರು ತಿಂಗಳೂ ಇರಲಿಲ್ಲ. ಉಳುಮೆಯೆಲ್ಲ ಬೇರೆಯವರು ಮುಗಿಸಿ, ಒಣಗಿದ ಹೊಲದ ಕಾವಲಿಗೆ ನಮ್ಮವನನ್ನು ಕಳಿಸಿದ ಹಾಗೆ. ಕುರ್ಚಿ ಬೇಕು, ಅದರಲ್ಲಿ ನಾಚಿಕೆ ಏನಿಲ್ಲ. ಜಾತಿ ನೋಡಬಾರದು ಎಂಬ ಉಪದೇಶ ನಮ್ಮ ಹೆಸರು ಬಂದಾಗ ಮಾತ್ರ ಯಾಕೆ ಶುರುವಾಗುತ್ತದೆ ಎಂದೂ ಕೇಳಬೇಕು. ಆದರೆ ಕೆಳಗೆ ಮೂವತ್ತಾರು ಬಾಯಿ ಹೊಲಿದುಕೊಂಡು ಕೂತಿದ್ದರೆ, ಮೇಲೆ ಕೂತವನು ಎಷ್ಟು ದೊಡ್ಡವನಾದರೂ ಒಬ್ಬಂಟಿ.

ಒಬ್ಬಂಟಿಯಾದರೆ ಏನಾಗುತ್ತದೆ ಎನ್ನುವುದನ್ನು ನಾವು 1973ರಲ್ಲೇ ಕಂಡಿದ್ದೇವೆ. ಬಿ. ಬಸವಲಿಂಗಪ್ಪ ಅರಸು ಸರ್ಕಾರದಲ್ಲಿ ಮಂತ್ರಿ. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದವರು. ಆ ವರ್ಷದ ನವೆಂಬರಿನಲ್ಲಿ ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಎಂದರು. ನಾಡೆಲ್ಲ ಬೆಂಕಿ. ಸದನದ ಒಳಗೂ ಗದ್ದಲ, ಹೊರಗೂ ಗದ್ದಲ. ಕೊನೆಗೆ ರಾಜೀನಾಮೆ. ಆಗ ಅವರ ಪರವಾಗಿ ಬೀದಿಗೆ ಬಂದು ಏಟು ತಿಂದವರು ಯಾರು? ಹಾಸ್ಟೆಲ್ ಹುಡುಗರು. ನಿಮ್ಮ ಹಾಗೇ ಸ್ಕಾಲರ್‌ಶಿಪ್ಪಿಗೆ ಕಾಯುತ್ತಾ, ಒಂದೇ ಜೊತೆ ಪ್ಯಾಂಟು ಒಗೆದು ಹಾಕಿಕೊಳ್ಳುತ್ತಿದ್ದವರು. ದಲಿತ ಸಂಘರ್ಷ ಸಮಿತಿ ಹುಟ್ಟಿದ್ದು ಆ ಏಟುಗಳಿಂದ, ಶಾಸಕರ ಭವನದಿಂದಲ್ಲ.

ಹತ್ತಿರದ ಮಾತು ಬೇಕಾದರೆ ಪಿಟಿಸಿಎಲ್ ಕಾಯ್ದೆ ನೋಡಿ. ನಮಗೆ ಸರ್ಕಾರ ಕೊಟ್ಟ ಭೂಮಿಯನ್ನು ಬೇರೆಯವರು ಬರೆಸಿಕೊಂಡರೆ ವಾಪಸು ಕೊಡಿಸುವ 1978ರ ಕಾನೂನು. 2017ರಲ್ಲಿ ಸುಪ್ರೀಂ ಕೋರ್ಟು, ಅರ್ಜಿ ಹಾಕಲು ತುಂಬಾ ತಡ ಮಾಡಿದರೆ ಆಗದು ಎಂದಿತು. ಅದಾದ ಮೇಲೆ ಎಸಿ, ಡಿಸಿ ಕೋರ್ಟುಗಳಲ್ಲಿ ನಮ್ಮ ಅಪ್ಪಂದಿರ ಕೇಸುಗಳು ಒಂದೊಂದಾಗಿ ಬಿದ್ದವು. ಜನ ಫ್ರೀಡಂ ಪಾರ್ಕಿನಲ್ಲಿ ತಿಂಗಳುಗಟ್ಟಲೆ ಧರಣಿ ಕೂತರು, ಮಳೆಯಲ್ಲಿ, ಸೊಳ್ಳೆಯಲ್ಲಿ. 2023ರ ಜುಲೈನಲ್ಲಿ ಸದನ ತಿದ್ದುಪಡಿ ಮಾಡಿ ಕಾಲಮಿತಿ ಇಲ್ಲ ಎಂದು ಬರೆಯಿತು. ಅದೇ ಮೂವತ್ತಾರು ಜನ, ಅದೇ ವಿಪ್. ಹೊರಗೆ ಧರಣಿ ಇದ್ದದ್ದರಿಂದ ಒಳಗೆ ಬಾಯಿ ಬಂತು. ಶಾಸಕನಿಗೆ ಗುಡಿ ಬಾಗಿಲಿನ ಭಯ ಒಂದು ಕಡೆಯಿಂದ ಇದ್ದರೆ, ಕೇರಿಯ ಭಯ ಇನ್ನೊಂದು ಕಡೆಯಿಂದ ಇರಬೇಕು. ಈಗ ಒಂದೇ ಕಡೆ ಇದೆ.

ನಮ್ಮೊಳಗಿನ ಮಾತನ್ನೂ ಮುಚ್ಚಿಡುವುದು ಬೇಡ. ಮೂವತ್ತಾರರಲ್ಲಿ ತಮ್ಮ ಪಾಲೆಷ್ಟು ಎಂದು ಮಾದಿಗರು ದಶಕಗಳಿಂದ ಕೇಳುತ್ತಿದ್ದಾರೆ. ಈ ಹಾಳೆ ತರುವ ಗೆಳೆಯರಲ್ಲಿ ಎಡಗೈಯವರೂ ಇದ್ದೇವೆ, ಬಲಗೈಯವರೂ ಇದ್ದೇವೆ. ಈ ಮಾತು ಬಂದ ದಿನ ಟೀ ಆರಿಹೋಗುತ್ತದೆ. 2005ರಲ್ಲಿ ನೇಮಿಸಿದ ಸದಾಶಿವ ಆಯೋಗ 2012ರಲ್ಲಿ ವರದಿ ಕೊಟ್ಟಿತು, ಅದು ವರ್ಷಗಟ್ಟಲೆ ಧೂಳು ತಿಂದಿತು. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟು ಒಳಮೀಸಲಾತಿ ಮಾಡಬಹುದು ಎಂದ ಮೇಲೆ ನಾಗಮೋಹನ ದಾಸ್ ಆಯೋಗ ಬಂತು, 2025ರ ಆಗಸ್ಟಿನಲ್ಲಿ ವರದಿ ಬಂತು. ಆದರೆ ಇದೆಲ್ಲ ಓದು, ನೌಕರಿಯ ಮಾತು. ಟಿಕೆಟ್ ಹಂಚುವಾಗ ಯಾರ ಗುಂಪು ಸಣ್ಣದು, ಯಾರು ಎದುರು ಮಾತಾಡಲ್ಲ ಎಂದು ನೋಡಿ ಕೊಡುವ ಚಾಳಿಯನ್ನು ಯಾವ ಆಯೋಗವೂ ಮುಟ್ಟಿಲ್ಲ.

ಹೆಣ್ಣುಮಕ್ಕಳ ಲೆಕ್ಕ ಒಂದು ಸಿಕ್ಕಿತು, ನಮಗೇ ಆಶ್ಚರ್ಯವಾಯಿತು. 2023ರ ಚುನಾವಣೆಯಲ್ಲಿ 224ರಲ್ಲಿ ಗೆದ್ದ ಮಹಿಳೆಯರು ಹತ್ತೇ ಜನ. ಆ ಹತ್ತರಲ್ಲಿ ಐವರು ಪರಿಶಿಷ್ಟ ಜಾತಿ ಕ್ಷೇತ್ರದವರು: ಕೆಜಿಎಫ್, ಮೂಡಿಗೆರೆ, ಸುಳ್ಯ, ಮಹದೇವಪುರ, ಶಿವಮೊಗ್ಗ ಗ್ರಾಮಾಂತರ. ಒಬ್ಬರು ಪಂಗಡದ ಕ್ಷೇತ್ರ ದೇವದುರ್ಗದವರು. ಸಾಮಾನ್ಯ ಎನ್ನುವ 173 ಕ್ಷೇತ್ರದಿಂದ ಬಂದವರು ನಾಲ್ಕು ಜನ! ಮುಂದುವರಿದವರು ಯಾರು, ಹಿಂದುಳಿದವರು ಯಾರು, ಹೇಳ್ರಪ್ಪಾ.

ಮೇಲ್ಮನೆ ಬಗ್ಗೆ ಎರಡು ಮಾತು. ವಿಧಾನ ಪರಿಷತ್ತಿನಲ್ಲಿ 75 ಸ್ಥಾನ, ನಮಗೆ ಮೀಸಲು ಒಂದೂ ಇಲ್ಲ. ಏಳು ಸ್ಥಾನ ಪದವೀಧರರವು. ಡಿಗ್ರಿ ಮುಗಿಸಿ ಮೂರು ವರ್ಷವಾದ ನಮ್ಮ ಅಣ್ಣ ಅಕ್ಕಂದಿರಲ್ಲಿ ಎಷ್ಟು ಜನ ಆ ಪಟ್ಟಿಯಲ್ಲಿ ಹೆಸರು ಬರೆಸಿದ್ದಾರೆ? ನಾವು ಕೇಳಿದ ಇಪ್ಪತ್ತು ಮಂದಿಯಲ್ಲಿ ಇಬ್ಬರು. ಮಿಕ್ಕವರಿಗೆ ಅಂಥದೊಂದು ಓಟು ಇದೆ ಎಂದೇ ಗೊತ್ತಿಲ್ಲ. ಹಾಸ್ಟೆಲಿನಿಂದ ಹೊರಟು ಅದೇ ಮನೆಯಲ್ಲಿ ಎರಡು ಅವಧಿ ಕೂತವರು ಕವಿ ಸಿದ್ಧಲಿಂಗಯ್ಯ. ನಾಮಕರಣದಿಂದ ಹೋದದ್ದು ಸರಿಯೋ ತಪ್ಪೋ ಎಂದು ಚಳವಳಿಯಲ್ಲಿ ಜಗಳವಾಯಿತು, ಆಗಲಿ. ಆದರೆ ಅಲ್ಲಿ ಆಡಿದ ಮಾತುಗಳು 'ಸದನದಲ್ಲಿ ಸಿದ್ಧಲಿಂಗಯ್ಯ' ಎಂದು ಪುಸ್ತಕವಾಗಿ ಬಂದಿವೆ. ನಮ್ಮ ಮೂವತ್ತಾರರಲ್ಲಿ ಎಷ್ಟು ಜನರ ಸದನದ ಮಾತು ಸೇರಿಸಿದರೆ ಇಪ್ಪತ್ತು ಪುಟವಾದರೂ ಆದೀತು?

ಅದನ್ನೇ ಈಗ ಎಣಿಸಲು ಹೊರಟಿದ್ದೇವೆ. ಸದನದ ನಡಾವಳಿ ಗುಟ್ಟಿನ ಕಾಗದವಲ್ಲ, ಕೇಳಿದ ಪ್ರಶ್ನೆ, ಮಂತ್ರಿ ಕೊಟ್ಟ ಉತ್ತರ ಎಲ್ಲ ದಾಖಲಾಗಿರುತ್ತದೆ. ಒಂದು ಹಾಸ್ಟೆಲ್ ಒಬ್ಬ ಶಾಸಕರನ್ನು ಹಿಡಿಯಲಿ. 2023ರ ಮೇ ತಿಂಗಳಿಂದ ಅವರು ಎಷ್ಟು ದಿನ ಸದನದಲ್ಲಿದ್ದರು, ಹಾಸ್ಟೆಲ್, ಭೂಮಿ, ದೌರ್ಜನ್ಯದ ಕೇಸುಗಳ ಬಗ್ಗೆ ಏನು ಕೇಳಿದರು, ಉಪಯೋಜನೆಯ ಹಣದ ಬಗ್ಗೆ ಎಂದಾದರೂ ಎದ್ದು ನಿಂತರಾ, ಇಷ್ಟನ್ನು ಬರೆದು ಕಳಿಸಿ. ಜೊತೆಗೆ ಅದೇ ಪ್ರಶ್ನೆಗಳನ್ನು ಶಾಸಕರಿಗೂ ಒಂದು ಕಾರ್ಡಿನಲ್ಲಿ ಬರೆದು ಹಾಕಿ, ಮರ್ಯಾದೆಯಿಂದ, ಮಾನ್ಯರೇ ಎಂದು. ಪಿಯುಸಿ ಹುಡುಗ ತನ್ನ ಕಾರ್ಡು ಆಗಲೇ ಹಾಕಿದ್ದಾನೆ. ಬಂದ ಉತ್ತರಗಳನ್ನು ಮುಂದಿನ ಹಾಳೆಯಲ್ಲಿ ಹಾಗೇ ಹಾಕುತ್ತೇವೆ. ಉತ್ತರ ಬಾರದವರ ಹೆಸರಿನ ಮುಂದೆ ಮೂರು ಗೆರೆ ಜಾಗ ಖಾಲಿ ಬಿಡುತ್ತೇವೆ.